ಒಂದೇ ಪದರದ ಚಿತ್ರ

ಸಿಟ್ಟು ಬಂದ ದಿನವೇ ಮಾತಾಡುವವಳಲ್ಲ ನಾನು. ಮನೆಯ ಕೆಲಸ ಮುಗಿಸುತ್ತೇನೆ, ಒಗೆದ ಬಟ್ಟೆ ಮಡಚಿಡುತ್ತೇನೆ. ಸಿಟ್ಟನ್ನೂ ಹಾಗೆಯೇ ಮಡಚಿ ಇಡುತ್ತೇನೆ. ನನ್ನ ಗಂಡನ ಚಿಕ್ಕಪ್ಪನ ಮಗನ ಮೇಲಿನ ಸಿಟ್ಟು ಹೀಗೆ ಏಳು ತಿಂಗಳು ಮಡಚಿ ಇಟ್ಟದ್ದು.

ಉದಗೀರದ ನಮ್ಮ ಮನೆಯಲ್ಲಿ, ಅಡುಗೆಮನೆಯ ಕಿಟಕಿಯ ಪಕ್ಕ ಕುಳಿತು, ನಾನು ತೀರಿಹೋದವರ ಚಿತ್ರ ಬರೆಯುತ್ತೇನೆ. ಮಗಳು ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಟ್ಯಾಬ್ಲೆಟ್ಟಿನ ಮೇಲೆ. ಮನೆಯವರು ತಂದುಕೊಡುವುದು ರೇಷನ್ ಕಾರ್ಡಿನ ಅಥವಾ ಮತದಾರರ ಚೀಟಿಯ ಮಸುಕು ಫೋಟೋ. ಬರಿದಲೆಯ ಗಂಡಸು ಗೋಡೆಗೆ ನಡೆಯುವುದಿಲ್ಲ, ರುಮಾಲು ಸುತ್ತಬೇಕು. ಹೆಂಗಸಾದರೆ ತಲೆಯ ಮೇಲೆ ಸೆರಗು. ಹಣೆಗೆ ಮೂರು ಎಳೆ ವಿಭೂತಿಯಂತೂ ಬೇಕೇ ಬೇಕು. ಒಂದೊಂದನ್ನೂ ಬೇರೆ ಬೇರೆ ಪದರದಲ್ಲಿ ಬರೆಯುತ್ತೇನೆ, ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಪ್ರತಿ ಪದರದ ಪಕ್ಕ ಒಂದು ಕಣ್ಣಿನ ಗುರುತು ಇರುತ್ತದೆ. ಕಣ್ಣು ಮುಚ್ಚಿದರೆ ಆ ಪದರ ಕಾಣುವುದಿಲ್ಲ, ಆದರೆ ಇರುತ್ತದೆ. ಕಸದ ಬುಟ್ಟಿಗೆ ಹಾಕಿದರೆ ಹೋಯಿತು. ಎಲ್ಲವನ್ನೂ ಕೂಡಿಸಿ ಒಂದೇ ಪದರ ಮಾಡಿದರೆ ಮತ್ತೆ ಯಾರೂ ಬಿಡಿಸಲಾರರು.

ಎಲ್ಲಕ್ಕೂ ಮೇಲಿನ ಪದರದಲ್ಲಿ, ಬಲಗಡೆಯ ಮೂಲೆಗೆ, ಸಣ್ಣ ಜೋಳದ ತೆನೆಯೊಂದನ್ನು ಬರೆಯುತ್ತಿದ್ದೆ. ಅದು ನನ್ನ ಗುರುತು. ಹೆಸರು ಬರೆಯಲು ನಾಚಿಕೆ.

ಆ ಮೈದುನನಿಗೆ ಉಮರ್ಗಾದಲ್ಲಿ ಫ್ರೇಮಿನ ಅಂಗಡಿ. ಗಿರಾಕಿ ಅವನವರು, ಕೈ ನನ್ನದು. ಸಣ್ಣಪುಟ್ಟ ತಿದ್ದುಪಡಿ ಬಂದರೆ ಅನುಕೂಲ ಎಂದು ಪದರಗಳನ್ನು ಬಿಡಿಬಿಡಿಯಾಗಿಯೇ ಕಳಿಸಲು ಹೇಳಿದ್ದ. ಕಳಿಸುತ್ತಿದ್ದೆ.

ನಿಲಂಗಾದಲ್ಲಿ ಬಟ್ಟೆ ವ್ಯಾಪಾರಿಗಳ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋದಾಗ ಗೊತ್ತಾಯಿತು. ಪಡಸಾಲೆಯಲ್ಲಿ ನನ್ನ ಅಜ್ಜಿ ತೂಗುತ್ತಿದ್ದಳು, ಅಂದರೆ ನಾನು ಬರೆದ ಅಜ್ಜಿ. ಆಕೆಯ ಗಲ್ಲದ ಮಚ್ಚೆಗೆ ಒಂದು ಮಧ್ಯಾಹ್ನ ಕಳೆದಿದ್ದೆ. ಮೂಲೆಯಲ್ಲಿ ತೆನೆ ಇರಲಿಲ್ಲ. ಆ ಜಾಗದಲ್ಲಿ ಚಿತ್ರ ಬರೆದವನೆಂದು ಮೈದುನನ ಹೆಸರಿತ್ತು. ಉಮರ್ಗಾದವರು ಸ್ವಂತ ಕೈಯಿಂದ ಬರೆದದ್ದು, ಎಂಥ ಕಲೆ ನೋಡಿ ಎಂದು ಮನೆಯೊಡತಿ ನನಗೇ ತೋರಿಸಿದರು. ಹೌದು ಎಂದೆ. ಎರಡು ಹೋಳಿಗೆ ತಿಂದು ಬಂದೆ.

ಫೋನಿನಲ್ಲಿ ಕೇಳಿದ್ದಕ್ಕೆ ಅವನು ನಕ್ಕ. “ಗಿರಾಕಿ ಕೇಳ್ತಾರ್ರೀ ವೈನಿ, ಸತ್ತವರ ಫೋಟೋದಾಗ ಜ್ವಾಳ ಯಾಕಂತ. ನಾ ಏನ್ ತಗದಿಲ್ಲ, ಬರೇ ಕಣ್ಣ ಮುಚ್ಚೀನಿ. ನೀವು ಮನ್ಯಾಗ ಕುಂತು ಬೆರಳ ಆಡಸ್ತೀರಿ, ಅಂಗಡಿ ಬಾಗಲಾ ತಗದು ಕುಂದರಾಂವ ನಾ ಅಲ್ಲೇನ್ರಿ?”

ಹೌದಪ್ಪ ಎಂದೆ. ಮುಂದಿನ ಚಿತ್ರವನ್ನೂ ಹೇಳಿದ ದಿನಕ್ಕೇ ಮುಗಿಸಿ ಕೊಟ್ಟೆ. ಅವನ ಹೆಸರಿನಡಿ ನನ್ನ ಚಿತ್ರಗಳು ಜಳಕೋಟದ ತನಕ ಹೋದವು.

ಆಮೇಲೆ ಅವನ ತಂದೆ, ನನಗೆ ಚಿಕ್ಕಮಾವ, ತೀರಿಕೊಂಡರು. ಒಳ್ಳೆಯ ಮನುಷ್ಯ. ನಾನು ಹೊಸದಾಗಿ ಈ ಮನೆಗೆ ಬಂದಾಗ, ನನ್ನ ಬೀದರ ಕಡೆಯ ಮಾತಿಗೆ ಎಲ್ಲರೂ ನಗುತ್ತಿದ್ದರೆ, ಅವರೊಬ್ಬರು ಅದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದರು. ಜಂಗಮರನ್ನು ಕರೆದು ಉಣಿಸುವ ಶಿವಗಣಾರಾಧನೆಯ ದಿನಕ್ಕೆ ದೊಡ್ಡ ಚಿತ್ರ ಬೇಕೆಂದು ಮಗ ಹೇಳಿಕಳಿಸಿದ. ರುಮಾಲು ಯಾವ ಬಣ್ಣ ಎಂದು ಕೇಳಿದೆ. ಕೇಸರಿ ಮಾಡಿ, ಭಾರಿ ಕಾಣಿಸುತ್ತದೆ ಎಂದ. ಮಾವನವರು ಬಿಳಿಯದಲ್ಲದೆ ಬೇರೆ ಸುತ್ತಿದ್ದನ್ನು ನಾನು ನೋಡಿಲ್ಲ. ಹೇಳಬಹುದಿತ್ತು. ಹೇಳಲಿಲ್ಲ. ಕೇಸರಿ ಬಳಿದು, ಮೂಲೆಯಲ್ಲಿ ತೆನೆಯನ್ನೂ ಬರೆಯದೆ, ಎಲ್ಲ ಪದರ ಕೂಡಿಸಿ ಕಳಿಸಿದೆ. ಗಡಿಬಿಡಿಯಲ್ಲಿ ಅವನು ಪದರಗಳಿಲ್ಲದ್ದನ್ನು ನೋಡಲಿಲ್ಲ. ತೆನೆಯಿಲ್ಲದ್ದು ಕಂಡು ವೈನಿಗೆ ಬುದ್ಧಿ ಬಂತು ಎಂದುಕೊಂಡಿರಬೇಕು. ಬಿಡಿ ಪದರಗಳ ಮೂಲ ಟ್ಯಾಬ್ಲೆಟ್ಟಿನಲ್ಲೇ ಇತ್ತು. ಆರಾಧನೆಗೆ ಉಮರ್ಗಾಕ್ಕೆ ಹೋಗುವಾಗ ಅದನ್ನು ಮಡಿ ಸೀರೆಯ ಕೆಳಗಿಟ್ಟು ಚೀಲದಲ್ಲಿ ಒಯ್ದೆ.

ವಲಾಂಡಿಯಿಂದ ಸತ್ತವರ ತಂಗಿ ಬಂದಿದ್ದರು, ನಮಗೆಲ್ಲ ಅತ್ತೆ. ಚಿತ್ರದ ಮುಂದೆ ನಿಂತು ಇದು ಯಾರು ಎಂದು ಕೇಳಿದರು. ಅಣ್ಣ ಜನ್ಮದಲ್ಲಿ ಈ ಬಣ್ಣ ತಲೆಗೆ ಸುತ್ತಿದವನಲ್ಲ, ಇದಕ್ಕೆ ನಾನು ಹೂ ಏರಿಸುವುದಿಲ್ಲ ಎಂದು ಅಲ್ಲೇ ಕುಳಿತುಬಿಟ್ಟರು. ಜಂಗಮರು ಬರುವ ಹೊತ್ತು. ಮೈದುನ ಬೆಳಕಿಗೆ ಹಾಗೆ ಕಾಣಿಸುತ್ತದೆ ಎಂದೇನೋ ಅಂದ.

“ನೀನ ತಗದೀದಿ ಅಂತ ಊರ ತುಂಬ ಹೇಳೀದಿ. ಹಂಗಾರ ನೀನ ಬದಲಾ ಮಾಡು. ನಾ ಕುಂತಿರತೀನಿ.”

ಅವನು ಅಂಗಡಿಗೆ ಓಡಿಹೋಗಿ, ನಾನು ಕಳಿಸಿದ್ದರಲ್ಲಿ ಒಂದೇ ಪದರ ಕಂಡು, ಬೆವರುತ್ತ ಬಂದ. ನಾನು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಬಗ್ಗಿ ಮೆಲ್ಲಗೆ ಪದರಗಳೆಲ್ಲಿ ಎಂದು ಕೇಳಿದ. ನನ್ನ ಚೀಲದಲ್ಲಿವೆ ಎಂದೆ. ಕೊಡಿ ಎಂದ.

“ಹೊರಗ ಅತ್ತಿ ಮುಂದ ಕೇಳ್ರಿ, ಕೊಡತೀನಿ,” ಎಂದು ಇನ್ನೊಂದು ಎಸಳು ಸುಲಿದೆ.

ಹೊರಗೆ ಹೋಗಿ, ವೈನಿ ಸ್ವಲ್ಪ ಮದತ್ ಮಾಡಿದ್ದಾರೆ ಎಂದಷ್ಟೇ ಹೇಳಿದ. ಸ್ವಲ್ಪ! ಕೈ ತೊಳೆದು, ಅತ್ತೆಯ ಪಕ್ಕ ಕುಳಿತು ಟ್ಯಾಬ್ಲೆಟ್ಟನ್ನು ಅವರ ತೊಡೆಯ ಮೇಲಿಟ್ಟೆ. ಒಂದೊಂದೇ ಪದರದ ಕಣ್ಣು ಮುಚ್ಚುತ್ತ ಹೋದೆ. ರುಮಾಲು ಹೋಯಿತು. ವಿಭೂತಿ ಹೋಯಿತು. ಮೀಸೆ, ಕೆನ್ನೆಯ ನೆರಳು, ಚರ್ಮದ ಬಣ್ಣ ಎಲ್ಲ ಹೋಗಿ ಕಡೆಗೆ ನಾಲ್ಕು ಕಪ್ಪು ಗೆರೆ ಉಳಿದವು. ಆ ಗೆರೆಗಳಲ್ಲೇ ಮಾವನವರು ಇದ್ದರು. ಕುಳಿತವರೆಲ್ಲ ಬಗ್ಗಿ ನೋಡಿದರು. ಬೇಕಂತಲೇ ತಡಮಾಡಿದೆ. ಅವನ ಮುಖ ನೋಡುವುದಿತ್ತು, ನೋಡಿದೆ.

“ಇದು ಯಾರ ಕೈ?” ಅತ್ತೆ ನನ್ನನ್ನು ಕೇಳಲಿಲ್ಲ, ಅವನನ್ನು ಕೇಳಿದರು.

“ವೈನೀದು,” ಎಂದ.

“ಎಲ್ಲಾನೂ?”

“ಎಲ್ಲಾನೂ.”

ಕೇಸರಿ ಪದರವನ್ನು ಬುಟ್ಟಿಗೆ ಹಾಕಿ, ಬಿಳಿ ರುಮಾಲು ಸುತ್ತಿ, ಉಳಿದ ಕಣ್ಣುಗಳನ್ನು ತೆರೆದೆ. ವಿಭೂತಿ ಇನ್ನಷ್ಟು ಢಾಳಾಗಿರಲಿ ಎಂದರು ಅತ್ತೆ. ಹೊಸದಾಗಿ ಎಳೆದೆ. ನಡುವಿನ ಎಳೆಯಲ್ಲಿ, ಬೂದಿಗೆ ಬೆರಳಿನ ಗೆರೆ ಮೂಡುವ ಕಡೆ, ಬಿಳಿಯ ಮೇಲೆ ತುಸು ಬೂದುಬಣ್ಣದಲ್ಲಿ ನನ್ನ ತೆನೆಯನ್ನು ಬರೆದೆ. ಯಾರಿಗೂ ತಿಳಿಯಲಿಲ್ಲ. ಎಲ್ಲವನ್ನೂ ಕೂಡಿಸಿದೆ, ಅವನಿಗೆ ಕಳಿಸಿದೆ. ಬಿಡಿ ಪದರಗಳ ಮೂಲವನ್ನು ಅವನು ನೋಡುತ್ತಿರುವಂತೆಯೇ ಅಳಿಸಿದೆ. ಅವನು ಹೊಸದಾಗಿ ಅಚ್ಚು ತೆಗೆದು ತಂದ ಚಿತ್ರಕ್ಕೆ ಅತ್ತೆ ಹೂ ಏರಿಸಿದರು. ಜಂಗಮರು ಉಂಡರು.

ಮೂರನೆಯ ದಿನ ಫೋನ್ ಬಂತು. ದೊಡ್ಡದು ಮಾಡಿ ನೋಡಿದ್ದನಂತೆ. ಅಪ್ಪನ ಹಣೆಯ ಮೇಲೆ ಏನು ಮಾಡಿಟ್ಟಿರಿ ಎಂದ.

“ಬ್ಯಾಡಾದ್ರ ಅಳಸರಿ,” ಎಂದೆ. “ಅಪ್ಪನ ವಿಭೂತಿ ಒರಸಾಕ ಕೈ ಬರತದೇನ್ ನೋಡ್ರಿ.”

ನಾನು ಫೋನ್ ಇಡಲಿಲ್ಲ. ಅವನ ಅಂಗಡಿಯ ಮುಂದೆ ಬಸ್ಸೊಂದು ಹಾರ್ನ್ ಹಾಕುತ್ತಿದ್ದುದು ಕೇಳಿಸಿತು. ಕಡೆಗೆ ಅವನೇ ಇಟ್ಟ.

ಉಮರ್ಗಾದ ಕೆಲಸ ನಿಂತಿತು. ವಲಾಂಡಿಯಿಂದ ಮಾತ್ರ ಈಗ ನೇರವಾಗಿ ನನ್ನಲ್ಲಿಗೇ ಬರುತ್ತಾರೆ, ಅತ್ತೆ ಕಳಿಸಿದರೆಂದು. ಒಂದೇ ಒಂದು ಸಲ, ವಿಭೂತಿ ಹಚ್ಚಿಕೊಳ್ಳುವಾಗ, ಮಾವನವರ ಹಣೆಯ ಮೇಲೆ ನಾನು ಹಾಗೆ ಮಾಡಬಾರದಿತ್ತು ಅನ್ನಿಸಿತು. ಅವರು ಇದ್ದಿದ್ದರೆ ಬೈಯುತ್ತಿದ್ದರೇನೋ, ನನ್ನ ಮಾತಿನಲ್ಲೇ. ಆದರೆ ಮೈದುನ ದಿನಾ ಬೆಳಿಗ್ಗೆ ಅಂಗಡಿ ತೆರೆದು, ಈಗ ಅಲ್ಲಿ ತೂಗುಹಾಕಿರುವ ಆ ಚಿತ್ರಕ್ಕೆ ಊದುಬತ್ತಿ ಬೆಳಗುತ್ತಾನೆ, ಕೈ ಮುಗಿದು ತಲೆಯೆತ್ತಿದರೆ ಅವನ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನೆನೆಸಿಕೊಂಡರೆ, ಚಹಾ ಇನ್ನೊಂದು ಗುಟುಕು ಹೆಚ್ಚು ರುಚಿಸುತ್ತದೆ.