ಯಾತರ ಡಾಕ್ಟರ್?
ಗೆಳೆಯರೆ, ಇವತ್ತು ಶಹಾಪುರದಿಂದ ಹುಡುಗನ ಕಡೆಯವರು ನನ್ನನ್ನು ನೋಡಲು ಸುರಪುರದ ನಮ್ಮ ಮನೆಗೆ ಬಂದಿದ್ದರು. ನನ್ನದು ಎಂಬಿಬಿಎಸ್ ಕೊನೆಯ ವರ್ಷ.

ಚಹಾ ಕುಡಿಯುತ್ತಾ ಹುಡುಗನ ತಾಯಿ ಕೇಳಿದರು, “ಯಾತರ ಡಾಕ್ಟರ್ ಆಗಾಕತ್ತಿಯವ್ವಾ? ಹಾರ್ಟಿಂದೋ, ಕಣ್ಣಿಂದೋ?”

“ಎಲ್ಲಾದಕ್ಕೂ ನೋಡ್ತೀನ್ರಿ. ಓದಿನ ಖರ್ಚು ಸರ್ಕಾರ ಕೊಡ್ತದ. ಮುಗದ ಮ್ಯಾಲ ಹಳ್ಳಿ ದವಾಖಾನಿಯಾಗ ಇರಬೇಕು.”

“ಬರೇ ಹಳ್ಳಿ ಡಾಕ್ಟರಾ? ನಮಗ ಹೊಂದಂಗಿಲ್ಲ ಬಿಡವ್ವಾ.”

ಮಾತು ಮುಗಿಯಿತು, ಆದರೆ ಯಾರೂ ಏಳಲಿಲ್ಲ. ತಾಯಿ ನೋಯುವ ಮೊಣಕಾಲು ಚಾಚಿದರು. ಹುಡುಗನ ತಂದೆ ಜೇಬಿನಿಂದ ಶುಗರ್ ರಿಪೋರ್ಟ್ ತೆಗೆದರು. ಜೊತೆಗೆ ಬಂದಿದ್ದ ಅವರ ಅಕ್ಕ ಕಿವಿ ತೋರಿಸಿದರು. ಕೊನೆಗೆ ಹುಡುಗನೂ ಮೆಲ್ಲಗೆ, “ನಂಗ ಗ್ಯಾಸ್ ಭಾಳ ಆಗ್ತದ್ರಿ” ಎಂದ.

ಹೊರಡುವಾಗ ತಾಯಿ ಹೊಸ್ತಿಲಲ್ಲಿ ನಿಂತು, “ತಿರುಗಿ ಯಾವಾಗ ತೋರಿಸಬೇಕವ್ವಾ?” ಎಂದರು.

ಹುಡುಗಿ ಒಪ್ಪಿಗೆಯಾಗಲಿಲ್ಲ, ಡಾಕ್ಟರ್ ಒಪ್ಪಿಗೆಯಾದಳು.