ಬಿರುಕಿಗೆ ಗಾಜಿನ ಕಾವಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳೆಯ ಮನೆಯೊಂದರ ಮುಂದಿನ ಕೋಣೆಯಲ್ಲಿ ಹೆಂಗಸೊಬ್ಬರು ಮರದ ಸ್ಟೂಲಿನ ಮೇಲೆ ನಿಂತಿದ್ದಾರೆ. ಮೈಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಬಟ್ಟೆ, ಬಾಯಲ್ಲಿ ಕಚ್ಚಿ ಹಿಡಿದ ಪುಟ್ಟ ಟಾರ್ಚು. ಕಿಟಕಿಯ ಮೂಲೆಯಿಂದ ಹೊರಟು ಸೂರಿನವರೆಗೆ ಓರೆಯಾಗಿ ಏರಿದ ಬಿರುಕಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದಾರೆ. ಕೆಳಗೆ ಆ ಮನೆಯ ಸೊಸೆ ಸ್ಟೂಲು ಹಿಡಿದು ನಿಂತಿದ್ದಾರೆ. ಅಡುಗೆಮನೆ ಬಾಗಿಲಲ್ಲಿ ಅತ್ತೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಾಯುತ್ತಿದ್ದಾರೆ.

"ಚಹಾ ಆರಿಹೋಗುತ್ತೆ ಕಣಮ್ಮಾ" ಎನ್ನುತ್ತಾರೆ ಅತ್ತೆ, ತಡೆಯಲಾರದೆ.

ಮೇಲಿದ್ದವರು ಟಾರ್ಚನ್ನು ಬಾಯಿಂದ ತೆಗೆಯುತ್ತಾರೆ. "ಆರಲಿ ಬಿಡಿ. ಮೊದಲು ಗಾಜು, ಆಮೇಲೆ ಚಹಾ."

ಸುತ್ತಲ ಬೀದಿಗಳಲ್ಲಿ ಅವರು ಎಲ್ಲರಿಗೂ ಗಾಜಿನಕ್ಕ. ಹಾಗೆಂದು ಕನ್ನಡಿ ಮಾರುವವರೇನಲ್ಲ. ಗಾರೆ ಮೇಸ್ತ್ರಿ, ಹಳೇ ಮನೆಗಳ ರಿಪೇರಿಯೇ ಅವರ ಕಸುಬು. ಬಿರುಕು ಬಿಟ್ಟ ಗೋಡೆ ತೋರಿಸಿ ಎಷ್ಟಾಗುತ್ತದೆ ಎಂದು ಕೇಳಿದರೆ ಬೇರೆಯವರು ನಿಂತ ನಿಲುವಿನಲ್ಲೇ ಕೊಟೇಷನ್ ಕೊಡುತ್ತಾರೆ. ಗಾಜಿನಕ್ಕ ಮಾತ್ರ ಚೀಲದಿಂದ ಬೆರಳಗಲದ ತೆಳು ಗಾಜಿನ ಪಟ್ಟಿ ತೆಗೆಯುತ್ತಾರೆ. ಅದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಯನ್ನೂ ಗೋಡೆಗೆ ಗಟ್ಟಿಯಾಗಿ ಅಂಟಿಸಿ, "ಆಮೇಲೆ ಹೇಳ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಾರೆ. ಗೋಡೆ ಕೂದಲೆಳೆಯಷ್ಟು ಕದಲಿದರೂ ಗಾಜು ತಾಳುವುದಿಲ್ಲ, ನಡುವೆ ಪಟಕ್ಕನೆ ಸೀಳುತ್ತದೆ. ಸೀಳಿದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಬಿಸಿಲು, ಮಳೆ ಎರಡನ್ನೂ ಕಂಡು ಇಡಿಯಾಗಿ ಉಳಿದರೆ, ಗೋಡೆ ಎಂದೋ ಒಮ್ಮೆ ಕುಸಿದು ಕೂತು, ಈಗ ತನ್ನ ಪಾಡಿಗೆ ತಾನು ಸುಮ್ಮನಿದೆ ಎಂದು ತಿಳಿಯಬಹುದು.

"ಬಿರುಕು ಯಾರ ಮನೇಲಿ ಇಲ್ಲ ಹೇಳಿ? ವಯಸ್ಸಾದ ಮೇಲೆ ಮುಖದ ಮೇಲೆ ಗೆರೆ ಬರಲ್ವಾ, ಹಾಗೇ ಅದು. ಜೀವ ಇರೋ ಬಿರುಕು ಯಾವುದು, ಸತ್ತಿರೋದು ಯಾವುದು ಅಂತ ಮೊದಲು ಗೊತ್ತಾಗ್ಬೇಕು. ಅದು ಗೊತ್ತಾಗದೆ ಬಾಯಿಗೆ ಬಂದ ರೇಟು ಹೇಳೋದು ನನ್ನ ಕೈಲಾಗಲ್ಲಪ್ಪ" ಎನ್ನುತ್ತಾರೆ ಗಾಜಿನಕ್ಕ.

ಈ ಮನೆಯ ಮಟ್ಟಿಗೆ ಅದು ಬರೀ ಗೋಡೆಯ ಮಾತಲ್ಲ. ದುಡಿಯಲು ಹೋಗುವ ತಾಯಂದಿರು ಬೆಳಿಗ್ಗೆ ತಮ್ಮ ಮಕ್ಕಳನ್ನು ತಂದು ಬಿಡುತ್ತಿದ್ದುದು ಈ ಮುಂದಿನ ಕೋಣೆಗೇ. ಸೊಸೆ ಅವರನ್ನು ಸಂಜೆಯವರೆಗೆ ನೋಡಿಕೊಳ್ಳುತ್ತಾರೆ; ಉಣ್ಣಿಸುತ್ತಾರೆ, ಮಲಗಿಸುತ್ತಾರೆ, ಜಗಳ ಬಿಡಿಸುತ್ತಾರೆ. ಬೇಸಿಗೆಯ ಕೊನೆಯಲ್ಲೊಂದು ದಿನ ಗೋಡೆಯ ದೊಡ್ಡ ಚಿತ್ರಪಟ ತೆಗೆದಾಗ ಹಿಂದೆ ಬಿರುಕು ಕಂಡಿತು. ಅವತ್ತೇ ಮಕ್ಕಳೆಲ್ಲ ಹಿಂದಿನ ಕಿಷ್ಕಿಂಧೆಯಂಥ ಕೋಣೆಗೆ ಹೋದರು. ಕೆಲವು ತಾಯಂದಿರು ಏನೇನೋ ನೆಪ ಹೇಳಿ ಮಕ್ಕಳನ್ನು ಬಿಡಿಸಿಕೊಂಡರು. ಸೊಸೆ ಅವರನ್ನು ದೂರುವುದಿಲ್ಲ. "ನನ್ನ ಮಗು ಆಗಿದ್ರೆ ನಾನೂ ಬಿಡ್ತಿರಲಿಲ್ಲ" ಎನ್ನುತ್ತಾರೆ.

ರಿಪೇರಿಗೆಂದು ಮೂವರು ಕಂಟ್ರಾಕ್ಟರುಗಳನ್ನು ಕರೆಸಿದ್ದಾಯಿತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುವ ಹಾಗೆ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳಮೇಳವಿಲ್ಲ. ಒಬ್ಬರು ಗೋಡೆಗೆ ಕಂಬ ಕೊಡಬೇಕು ಎಂದರು. ಇನ್ನೊಬ್ಬರು ಸಿಮೆಂಟು ಮೆತ್ತಿದರೆ ಮುಗೀತು ಎಂದರು. ಮೂರನೆಯವರು, ಬಿಳಿ ಬೂಟಿನ ಕಂಟ್ರಾಕ್ಟರು, ಮಹಡಿಯನ್ನೇ ಇಳಿಸಿ ಗೋಡೆ ಹೊಸದಾಗಿ ಕಟ್ಟಬೇಕು, ಅಷ್ಟು ಕಾಲ ಮನೆ ಖಾಲಿ ಮಾಡಿ ಎಂದರು. ಯಾರನ್ನು ನಂಬುವುದು? ಸೊಸೆಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಆಗ ಪಕ್ಕದ ಬೀದಿಯವರು ಹೇಳಿದ ಹೆಸರು ಗಾಜಿನಕ್ಕನದು.

ಗಾಜಿನಕ್ಕ ಈ ಕೆಲಸಕ್ಕೆ ಇಳಿದದ್ದು ಮದುವೆಯಾದ ಹೊಸತರಲ್ಲಿ, ತಲೆಯ ಮೇಲೆ ಗಾರೆಯ ಬಾಂಡ್ಲಿ ಹೊತ್ತು. ಗಂಡ ಮೇಸ್ತ್ರಿ, ಹೆಂಡತಿ ಆಳು. ಗಂಡನ ಮಂಡಿ ಕೈಕೊಟ್ಟು ಸಾರುವೆ ಹತ್ತಲಾಗದೆ ಹೋದಾಗ ಗಾರೆ ಬಳಿಯುವ ಕರಣೆ ಇವರ ಕೈಗೆ ಬಂತು. ಈಗ ಗಂಡ ಕೆಳಗೆ ಕೂತು ಗಾರೆ ಕಲಸುತ್ತಾರೆ. "ಮನೇಲೂ ಇವಳೇ ಮೇಸ್ತ್ರಿ, ಕೆಲಸದಲ್ಲೂ ಇವಳೇ ಮೇಸ್ತ್ರಿ. ನನಗೆ ರಜೆ ಯಾರು ಕೊಡ್ತಾರೆ?" ಎಂದು ಅವರು ನಗುತ್ತಾರೆ. ಗಾಜಿನ ಉಪಾಯ ಕಲಿಸಿದ್ದು ಇಬ್ಬರಿಗೂ ಗುರುವಾಗಿದ್ದ ಹಿರಿಯ ಮೇಸ್ತ್ರಿಯೊಬ್ಬರು. ಫೋಟೋಗೆ ಕಟ್ಟು ಹಾಕುವ ಅಂಗಡಿಯವರು ಉಳಿಕೆ ಗಾಜನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಇವರಿಗೆಂದೇ ಎತ್ತಿಡುತ್ತಾರೆ.

ಕಷ್ಟ ಇಲ್ಲವೆಂದಲ್ಲ. ಬಾಗಿಲು ತೆಗೆದವರು ಇವರ ಹೆಗಲ ಮೇಲಿಂದ ಆಚೆ ನೋಡಿ "ಮೇಸ್ತ್ರಿ ಎಲ್ಲಮ್ಮಾ?" ಎಂದು ಕೇಳುವುದು ಇಂದಿಗೂ ತಪ್ಪಿಲ್ಲ. ಕಾಯಿರಿ ಎಂದರೆ ಹತ್ತು ಮನೆಯಲ್ಲಿ ಆರು ಮನೆಯವರು ಬೇರೆಯವರನ್ನು ಕರೆಯುತ್ತಾರೆ. "ಕೆಲಸಕ್ಕೆ ಕೂಲಿ ಕೊಡ್ತಾರೆ, ಕಾಯೋಕೆ ಯಾರು ಕೊಡ್ತಾರೆ?" ಎನ್ನುತ್ತಾರೆ ಅವರು. ಹಾಗಂತ ಗಾಜು ಯಾವಾಗಲೂ ಒಳ್ಳೆಯ ಸುದ್ದಿಯನ್ನೇ ಹೇಳುವುದಿಲ್ಲ. ಹಿಂದೊಂದು ಮನೆಯಲ್ಲಿ ಅಂಟಿಸಿದ ವಾರದೊಳಗೆ ಸೀಳಿತ್ತು. ಗಾಜಿನಕ್ಕ ಕೈಮುಗಿದು, ಕಾಡಿ ಬೇಡಿ ಆ ಮನೆಯವರನ್ನು ಹೊರಡಿಸಿದರು. ಆಮೇಲೆ ಮಳೆಯಲ್ಲಿ ಅಡುಗೆಮನೆಯ ಗೋಡೆ ಬಿದ್ದಾಗ ಒಳಗೆ ಯಾರೂ ಇರಲಿಲ್ಲ. ಅದನ್ನು ಹೇಳುವಾಗ ಈಗಲೂ ಅವರ ದನಿ ತಗ್ಗುತ್ತದೆ.

ಆದ್ದರಿಂದಲೇ, ಮಳೆಗಾಲದ ಆರಂಭದಲ್ಲಿ ಈ ಮನೆಯಿಂದ "ಅಕ್ಕಾ, ಗಾಜು ಒಡೆದಿದೆ" ಎಂದು ಫೋನು ಬಂದಾಗ ಗಾಜಿನಕ್ಕ ಕರಣೆಯನ್ನು ಅಲ್ಲೇ ಎಸೆದರು. ಕಲಸಿದ ಗಾರೆಯನ್ನು ಹಾಗೇ ಬಿಟ್ಟು ಓಡಿಬಂದರು. ಅಂಟಿಸಿದ್ದು ಎರಡು ಗಾಜು: ಒಂದು ಸೂರಿನ ಹತ್ತಿರ, ಇನ್ನೊಂದು ಕಿಟಕಿಯ ಪಕ್ಕ ಕೈಗೆಟುಕುವ ಎತ್ತರದಲ್ಲಿ. ಕೆಳಗಿನದು ತುಂಡಾಗಿತ್ತು. ಸೊಸೆ ಗಾಬರಿಯಲ್ಲಿ ಬಿಳಿ ಬೂಟಿನ ಕಂಟ್ರಾಕ್ಟರನ್ನೂ ಕರೆಸಿದ್ದರು. "ನಾನು ಅವತ್ತೇ ಹೇಳಿರಲಿಲ್ವಾ? ಮಕ್ಕಳನ್ನ ಇವತ್ತೇ ಕಳಿಸಿಬಿಡಿ" ಎಂದರು ಅವರು. ಗಾಜಿನಕ್ಕ ಎದುರಾಡಲಿಲ್ಲ. "ಅವರು ಹೇಳೋದು ಸರಿ ಕಣಮ್ಮಾ, ಕಳಿಸಿಬಿಡು" ಎಂದೇಬಿಟ್ಟರು. ಸೊಸೆ ಫೋನು ಕೈಗೆತ್ತಿಕೊಂಡರು. ಮೊದಲು ಯಾವ ತಾಯಿಗೆ ಹೇಳುವುದೆಂದು ತಿಳಿಯದೆ ಕಣ್ಣು ತುಂಬಿಕೊಂಡು ಹಾಗೇ ನಿಂತರು.

ಗಾಜಿನಕ್ಕ ಒಡೆದದ್ದನ್ನು ಕಿತ್ತುಹಾಕೋಣವೆಂದು ಬಗ್ಗಿದರು. ಕೈ ಅಲ್ಲೇ ನಿಂತಿತು. ಗೋಡೆ ಎಳೆದಿದ್ದರೆ ಗಾಜು ನಡುವೆ ಸೀಳಿ, ಎರಡು ತುದಿಯೂ ಅಂಟಿಕೊಂಡೇ ಇರಬೇಕಿತ್ತು. ಇಲ್ಲಿ ಒಂದು ತುದಿ ಬಣ್ಣದ ಸಮೇತ ಎದ್ದುಬಂದಿತ್ತು. ಅಂಟಿನಲ್ಲಿ ಇಷ್ಟುದ್ದ ಒಂದು ಕಡ್ಡಿ ಸಿಕ್ಕಿಕೊಂಡಿತ್ತು. ಪೊರಕೆ ಕಡ್ಡಿ!

"ಅಮ್ಮಾ, ಇಲ್ಲೇನಾದ್ರೂ ಪೊರಕೆ ಆಡಿಸಿದ್ರಾ?" ಎಂದು ಅಡುಗೆಮನೆಯ ಕಡೆ ತಿರುಗಿ ಕೇಳಿದರು.

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ಜೇಡ ಬಲೆ ಕಟ್ಟಿತ್ತಮ್ಮಾ. ಬರೋರು ಹೋಗೋರು ನೋಡಿದ್ರೆ ಏನಂದ್ಕೋತಾರೆ? ಒಂದೇ ಒಂದು ಸಲ ಹೀಗೆ ಅಂದೆ, ಟಪ್ಪಂತು. ಇವಳು ಬೈತಾಳೆ ಅಂತ ಸುಮ್ಮನಿದ್ದುಬಿಟ್ಟೆ."

"ಅಯ್ಯೋ ಅತ್ತೇ, ಹೇಳಬಾರದಿತ್ತಾ! ನನ್ನ ಜೀವವೇ ಹೋಗಿತ್ತಲ್ಲ!" ಎಂದು ಸೊಸೆ ನೆಲದ ಮೇಲೆ ಕುಕ್ಕರಿಸಿ ಕೂತರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಅವರಿಗೇ ಗೊತ್ತಿರಲಿಲ್ಲ. ಬಿಳಿ ಬೂಟಿನವರೂ ನಕ್ಕುಬಿಟ್ಟರು. "ನಮ್ಮಮ್ಮನೂ ಹೀಗೇ, ಪೊರಕೆ ಕೈಗೆ ಬಂದ್ರೆ ಮನೇಲಿ ಏನೂ ಉಳಿಯಲ್ಲ" ಎಂದು ಚಹಾ ಕುಡಿದೇ ಹೋದರು.

ತಪ್ಪು ಅತ್ತೆಯದಲ್ಲ, ತಮ್ಮದೇ ಎನ್ನುತ್ತಾರೆ ಗಾಜಿನಕ್ಕ. "ಗಾಜು ಯಾತಕ್ಕೆ ಅಂತ ಸೊಸೆಗೆ ಹೇಳಿದೆ, ಆ ಮನೆ ಮಗನಿಗೆ ಹೇಳಿದೆ. ಪೊರಕೆ ಹಿಡಿಯೋರಿಗೆ ಹೇಳಲೇ ಇಲ್ಲ ನೋಡಿ. ಈಗ ಯಾವ ಮನೆಗೆ ಹೋದ್ರೂ ಮೊದಲು ಕೇಳೋದು, ಇಲ್ಲಿ ಕಸ ಗುಡಿಸೋರು ಯಾರು ಅಂತ. ಅವರನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅಂಟಿಸ್ತೀನಿ." ಮೇಲಿನ ಗಾಜು ಇಡಿಯಾಗಿದ್ದರೂ ಅವರು ಅಷ್ಟಕ್ಕೇ ಹೂಂಗುಟ್ಟಲಿಲ್ಲ. ಕೆಳಗೆ ಹೊಸ ಗಾಜು ಅಂಟಿಸಿ, ಮಳೆಗಾಲ ಪೂರ್ತಿ ಮುಗಿಯಲಿ ಎಂದರು. ಮಹಡಿಯ ಮೇಲೆ ಮಳೆನೀರು ಹೋಗುವ ತೂಬು ಕಟ್ಟಿಕೊಂಡು ಗೋಡೆಗೆ ನೀರು ಇಳಿಯುತ್ತಿದ್ದದ್ದನ್ನು ಮಾತ್ರ ಅವತ್ತೇ ಬಿಡಿಸಿಕೊಟ್ಟರು. ಮಕ್ಕಳು ಹಿಂದಿನ ಕೋಣೆಯಲ್ಲೇ ಉಳಿದರು.

ಅಂದಿನಿಂದ ಅತ್ತೆಯೇ ಗೋಡೆಗೆ ಕಾವಲು. ಮಗ ಅತ್ತ ಕೊಡೆ ಒರಗಿಸಿದರೆ ಗದರುತ್ತಾರೆ, ನೆಂಟರು ಬಂದರೆ "ದೂರ ಕೂತ್ಕೊಳ್ಳಿ" ಎನ್ನುತ್ತಾರೆ. ಜೇಡ ಮತ್ತೆ ಬಂದು ಮೂಲೆ ತುಂಬ ಸಂಸಾರ ಹೂಡಿದೆ. ನೋಡಿ ನೋಡಿ ಅವರ ಕೈ ತುರಿಸುತ್ತದೆ, ಆದರೂ ಮುಟ್ಟಿಲ್ಲ.

ಇವತ್ತು ಮಳೆಗಾಲ ಮುಗಿದ ಮೇಲಿನ ಕೊನೆಯ ಪರೀಕ್ಷೆ. ಮೇಲಿನದನ್ನು ನೋಡಿ ಮುಗಿಸಿದ ಗಾಜಿನಕ್ಕ ಕೆಳಗಿಳಿದು, ಕಿಟಕಿಯ ಪಕ್ಕದ ಗಾಜಿನ ಮೇಲೆ ಉಗುರು ಆಡಿಸುತ್ತಾರೆ. ಒಮ್ಮೆ ಈ ತುದಿಯಿಂದ, ಒಮ್ಮೆ ಆ ತುದಿಯಿಂದ. ಸೊಸೆ ಕಣ್ಣು ಮುಚ್ಚಿಕೊಂಡಿದ್ದಾರೆ.

"ಎರಡೂ ಇಡಿಯಾಗಿವೆ. ಗೋಡೆ ಗಟ್ಟಿಯಾಗಿದೆ ಕಣಮ್ಮಾ. ಸಡಿಲವಾಗಿರೋ ಗಾರೆ ಉದುರಿಸಿ, ಬಿರುಕು ತುಂಬಿ, ಮೇಲೆ ಹೊಸದಾಗಿ ಬಳಿದರೆ ಸಾಕು. ಕೆಡವೋದೂ ಬೇಡ, ಎಲ್ಲಿಗೂ ಹೋಗೋದೂ ಬೇಡ. ಗಾರೆ ಒಣಗಿದ ಮೇಲೆ ಮಕ್ಕಳನ್ನ ಇಲ್ಲಿಗೇ ಕರ್ಕೊಂಡು ಬಾ."

ಸೊಸೆ ಅವರ ಗಾರೆ ಕೆಲಸಕ್ಕೆ ಒರಟಾದ ಕೈಯನ್ನೇ ಹಿಡಿದುಕೊಳ್ಳುತ್ತಾರೆ. ಎಷ್ಟೋ ಕಾಲದ ಭಾರ ಇಳಿದು ಮೈಯೆಲ್ಲ ಹಗುರವಾದದ್ದು ಅವರ ಮುಖದಲ್ಲೇ ಕಾಣುತ್ತದೆ. ಗಾಜಿನಕ್ಕ ಈಗ ಆರಿದ ಚಹಾ ಎತ್ತಿಕೊಳ್ಳುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಒಂದು ಗುಟುಕು ಕುಡಿದು ನಗುತ್ತಾರೆ. "ಬಾಗಿಲು ತೆಗೆದೋರು ನನ್ನನ್ನೇ ನೋಡಿ, ಬನ್ನಿ ಮೇಸ್ತ್ರಿ ಅನ್ನಬೇಕು. ಇನ್ನೇನಿಲ್ಲ."

ಗಾಜು ಎರಡನ್ನೂ ಜೋಪಾನವಾಗಿ ಬಿಡಿಸಿ ಚೀಲಕ್ಕೆ ಹಾಕಿಕೊಂಡಾಗ ಅಡುಗೆಮನೆ ಬಾಗಿಲಲ್ಲಿ ಸದ್ದಾಗುತ್ತದೆ. ಅತ್ತೆ ಮುಂದೆ ಬಂದಿದ್ದಾರೆ. ಬೆನ್ನ ಹಿಂದಿದ್ದ ಕೈಗಳು ಈಗ ಮುಂದಿವೆ. ಅವುಗಳಲ್ಲಿ ಉದ್ದ ಕೋಲಿನ ಪೊರಕೆ.

"ಮೇಸ್ತ್ರೀ, ಈಗ ಗುಡಿಸಲೇನಮ್ಮಾ?"

ಗಾಜಿನಕ್ಕ ಚಹಾದ ಲೋಟ ಮತ್ತೆ ಎತ್ತಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. "ಧಾರಾಳವಾಗಿ ಗುಡಿಸಿ ಅಮ್ಮಾ."