ಸದ್ದಿಲ್ಲದ ಗಾಡಿಯವನು

ಬೇಗೂರಿನ ನಮ್ಮ ಹೊಲದ ಚೆಂಡುಹೂವನ್ನು ಗುಂಡ್ಲುಪೇಟೆಗೆ ಒಯ್ಯುತ್ತಿದ್ದವನ ಬಾಯಲ್ಲಿ ಸದಾ ಒಂದೇ ಮಾತು: “ನೋಡನ ಬುಡಿ.” ಅವನ ಡೀಸೆಲ್ ಗಾಡಿಯ ಸದ್ದು ದೂರದಲ್ಲಿ ಕೇಳಿದೊಡನೆ ನಾವು ಹೆಂಗಸರು ಮೂಟೆಗಳ ಬಾಯಿ ಕಟ್ಟುತ್ತಿದ್ದೆವು.

ಆ ಡೀಸೆಲ್ ಗಾಡಿ ಮಾರಿ ಅವನು ಬ್ಯಾಟರಿ ಗಾಡಿ ಕೊಂಡ. ಮೊದಲ ದಿನ ಮಂಜು ಇನ್ನೂ ಹೂವಿನ ಮೇಲೆಯೇ ಮಲಗಿತ್ತು. ಹೂ ಬಿಡಿಸುತ್ತಾ, ಸದ್ದಿಗೆ ಕಾಯುತ್ತಾ ನಾವು ಮಾತಿಗಿಳಿದೆವು.

“ಅಷ್ಟು ದುಡ್ಡು ಸುರ್ದು ಆಟದ ಸಾಮಾನು ತಂದವ್ನೆ ಕಣಮ್ಮಿ,” ಎಂದಳು ನನ್ನ ಅತ್ತಿಗೆ. “ಏರು ಬಂದ್ರೆ ಇವ್ನೇ ಇಳ್ದು ತಳ್ಬೇಕು.”

ಎಲ್ಲರೂ ನಕ್ಕೆವು. ಸೊಂಟ ನೆಟ್ಟಗೆ ಮಾಡಿಕೊಳ್ಳಲೆಂದು ಎದ್ದು ತಿರುಗಿದರೆ ಮಂಜಿನೊಳಗೆ ಗಾಡಿ ನಿಂತಿತ್ತು. ಎಷ್ಟು ಹೊತ್ತಿನಿಂದಲೋ, ಅವನು ಕೈಯಲ್ಲೊಂದು ಹೂ ಹಿಡಿದು ಬದುವಿನ ಮೇಲೆ ಕೂತಿದ್ದ.

“ಬಂದಿದ್ದು ಹೇಳ್ಬಾರ್ದಾ ಅಣ್ಣ?” ಎಂದೆ.

“ಡೀಸೆಲ್ ಖರ್ಚೇನೋ ಉಳೀತದೆ. ಹತ್ತು ಮೂಟೆ ಎಳೀತದಾ ಅಂತ ನಂಗೂ ಗೊತ್ತಿಲ್ಲ ಕಣವ್ವ,” ಎಂದ. “ನೋಡನ ಬುಡಿ.”

ಅಂದು ಆರೇ ಮೂಟೆ ಹೇರಿಕೊಂಡ. ಉಳಿದ ನಾಲ್ಕಕ್ಕೆ, ಚಾರ್ಜ್ ಮಾಡಿಕೊಂಡು ಮಧ್ಯಾಹ್ನ ಮತ್ತೆ ಬಂದ.

ಈಗ ಅವನು ಚಾಮರಾಜನಗರದ ಕಡೆ ಓಡಿಸುತ್ತಾನಂತೆ. ಆದರೂ ಅವನ ಮಾತೆತ್ತುವ ಮೊದಲು ನಾವು ಬದುವಿನತ್ತ ಒಮ್ಮೆ ತಿರುಗಿ ನೋಡುತ್ತೇವೆ.